ಎರಡೇ ಬಗೆಯ ಏಲ್ ಸಿಗುವ ಪಬ್‌ಗೆ ಇಂದಿಗೂ ಸಾಲು ಏಕೆ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಹೋದಾಗ ಅವನು ನ್ಯೂಯಾರ್ಕಿನ ಮ್ಯಾಕ್‌ಸಾರ್ಲೀಸ್ ಎಂಬ ಹಳೆಯ ಐರಿಷ್ ಪಬ್ ತೋರಿಸಿದ. ನೆಲದ ಮೇಲೆ ಮರದ ಹೊಟ್ಟು, ಗೋಡೆ ತುಂಬ ಮಸಿ ಹಿಡಿದ ಪಟಗಳು, ಕುಡಿಯಲು ಏಲ್ ಎಂಬ ಬಿಯರ್‌ನಲ್ಲಿ ಎರಡೇ ಬಗೆ. ಆದರೂ ಬಾಗಿಲಲ್ಲಿ ಜನ ಸಾಲು ನಿಂತಿದ್ದರು. ಅಲ್ಲಿ ಅಂಥದ್ದೇನಿದೆ?

ಉತ್ತರ: ಹಳೆಯದು, ಅದಕ್ಕೇ ಹೋಗುತ್ತಾರೆ ಎಂದು ಹೇಳಿ ಮುಗಿಸಬಹುದು. ಆದರೆ ಹಳೆಯ ಪಬ್‌ಗಳೆಷ್ಟೋ ಆ ನಗರದಲ್ಲಿ ಹೇಳಹೆಸರಿಲ್ಲದೆ ಹೋಗಿವೆ. ಇದೊಂದು ಉಳಿದದ್ದು ತಾನಾಗಿ ಅಲ್ಲ. ಇದನ್ನು ಹಾಗೆಯೇ ಉಳಿಸಬೇಕು ಎಂದು ಒಬ್ಬರಾದ ಮೇಲೊಬ್ಬರು ಹಟ ಹಿಡಿದರು. ಒಳಗೆ ಕಾಲಿಟ್ಟವರಿಗೆ ತಟ್ಟುವುದು ಆ ಹಟ ಎಂದೇ ನನ್ನ ನಂಬಿಕೆ.

ಕಥೆ ಶುರುವಾಗುವುದು ಐರ್ಲೆಂಡಿನ ಆಲೂಗಡ್ಡೆ ಬರದಿಂದ. 1845ರಿಂದ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು. ಆ ಅಲೆಯಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಯುವಕರಲ್ಲಿ ಟೈರೋನ್ ಪ್ರಾಂತ್ಯದ ಜಾನ್ ಮ್ಯಾಕ್‌ಸಾರ್ಲಿಯೂ ಒಬ್ಬ. ಪೂರ್ವ 7ನೇ ಬೀದಿಯಲ್ಲಿ ಪಬ್ ತೆರೆದಾಗ ಅವನು ಅದಕ್ಕೆ ಇಟ್ಟ ಹೆಸರು ‘ದಿ ಓಲ್ಡ್ ಹೌಸ್ ಅಟ್ ಹೋಮ್’, ಅಂದರೆ ಊರಿನ ಹಳೆಯ ಮನೆ. ಹಸಿವಿಗೆ ಊರು ಬಿಟ್ಟು ಬಂದವನು ಪರದೇಶದ ಬಾಗಿಲ ಮೇಲೆ ಈ ಮಾತು ಬರೆಸಿದ ಎಂಬುದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. 1908ರಲ್ಲಿ ಗಾಳಿಗೆ ಆ ಫಲಕ ಕಿತ್ತುಬಿತ್ತು. ಈಗಿನ ಹೆಸರು ಬಂದದ್ದು ಆ ಬಳಿಕ.

ಪಬ್ ಹೇಳಿಕೊಳ್ಳುವ ಹುಟ್ಟಿದ ವರ್ಷ 1854. ಹಳೆಯ ದಾಖಲೆ ಕೆದಕಿದವರ ಪ್ರಕಾರ ಆ ನಿವೇಶನ 1860ರ ಹೊತ್ತಿಗೂ ಖಾಲಿಯಾಗಿತ್ತು. ಆರೇಳು ವರ್ಷಗಳ ಈ ವ್ಯತ್ಯಾಸದಿಂದ ಪಬ್‌ನ ಗೌರವವೇನೂ ಕುಗ್ಗುವುದಿಲ್ಲ. ಜಾನ್ 1888ರಲ್ಲಿ ಕಟ್ಟಡವನ್ನೇ ಕೊಂಡುಕೊಂಡದ್ದು ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಬಾಡಿಗೆ ಏರಿಸಿ ಎಬ್ಬಿಸುವ ಯಜಮಾನನ ಭಯವಿಲ್ಲದ ಅಂಗಡಿ ಮಾತ್ರ ಮ್ಯಾನ್‌ಹ್ಯಾಟನ್‌ನಲ್ಲಿ ಹೀಗೆ ನೆಮ್ಮದಿಯಿಂದ ಮುದಿಯಾಗಬಲ್ಲದು.

ಅಲ್ಲಿ ಆಯ್ಕೆಗೆ ತಲೆ ಕೆಡಿಸಿಕೊಳ್ಳುವಂತಿಲ್ಲ: ಏಲ್ ತಿಳಿಬಣ್ಣದ್ದೋ ಕಡುಬಣ್ಣದ್ದೋ, ಅಷ್ಟೆ. ಒಂದು ಹೇಳಿದರೆ ಎರಡು ಸಣ್ಣ ಗಾಜಿನ ಮಗ್‌ಗಳು ನೊರೆ ಚೆಲ್ಲುತ್ತ ಬರುತ್ತವೆ. ಜೊತೆಗೆ ಚೀಸ್, ಬಿಸ್ಕತ್ತು, ಹಸಿ ಈರುಳ್ಳಿ, ಮೂಗಿಗೇರುವ ಸಾಸಿವೆ ಗೊಜ್ಜು. ಚೆಲ್ಲಿದ್ದನ್ನು ಹೀರಲು ನೆಲದ ಹೊಟ್ಟು. 1920ರಿಂದ 1933ರವರೆಗೆ ಅಮೆರಿಕವಿಡೀ ಪಾನನಿಷೇಧವಿದ್ದಾಗಲೂ ಬಾಗಿಲು ಮುಚ್ಚಲಿಲ್ಲ. ಹೆಸರಿಗೆ ಮದ್ಯಾಂಶವಿಲ್ಲದ ಬಿಯರ್ ಮಾರುತ್ತಿದ್ದರು. ಅದು ನಿಜವಾಗಿ ಏನಾಗಿತ್ತು ಎಂಬುದು ಬೀದಿಗೆಲ್ಲ ಗೊತ್ತಿತ್ತು.

ಬಾರ್‌ನ ಮೇಲಿನ ಹಳೆಯ ಗ್ಯಾಸ್ ದೀಪವನ್ನು ನೋಡಿದಿರಾ? ಅದಕ್ಕೆ ಟರ್ಕಿ ಕೋಳಿಯ ಕವೆಯಾಕಾರದ ಎದೆಮೂಳೆಗಳನ್ನು ನೇತುಹಾಕಿದ್ದಾರೆ. ಆ ಮೂಳೆಯ ಒಂದೊಂದು ಕವಲನ್ನು ಒಬ್ಬೊಬ್ಬರು ಹಿಡಿದೆಳೆದು ಮನಸ್ಸಿನಲ್ಲಿ ಏನಾದರೂ ಬೇಡಿಕೊಳ್ಳುವುದು ಅಲ್ಲಿನವರ ಪದ್ಧತಿ; ದೊಡ್ಡ ತುಂಡು ಸಿಕ್ಕವರ ಬೇಡಿಕೆ ಫಲಿಸುತ್ತದಂತೆ. ಮೊದಲ ಮಹಾಯುದ್ಧಕ್ಕೆ ಹೊರಟ ಹುಡುಗರು ಊಟ ಮುಗಿಸಿ, ಮರಳಿ ಬಂದು ತೆಗೆದುಕೊಳ್ಳುತ್ತೇವೆ ಎಂದು ಅವನ್ನು ಅಲ್ಲಿ ಸಿಕ್ಕಿಸಿ ಹೋದರಂತೆ. ಬಂದವರು ತಮ್ಮದನ್ನು ಒಯ್ದರು, ಉಳಿದವು ಬಾರದವರವು. 1940ರಲ್ಲಿ ಪಬ್ ಬಗ್ಗೆ ಬರೆದ ಪತ್ರಕರ್ತರೊಬ್ಬರು ಮಾತ್ರ, ಹಬ್ಬದ ಕೋಳಿಗಳ ಮೂಳೆ ಕೂಡಿಡುತ್ತಿದ್ದವನು ಜಾನ್ ಎಂದೇ ದಾಖಲಿಸಿದ್ದಾರೆ. ಎರಡೂ ಇದ್ದಿರಬಹುದು. ಅಲ್ಲಿ ಕುಡಿಯುವವರು ತಲೆಯೆತ್ತಿ ನೋಡಿದಾಗ ಕಾಣುವುದು ಸೈನಿಕರನ್ನೇ. 2011ರಲ್ಲಿ ಆರೋಗ್ಯ ಇಲಾಖೆಯ ತಪಾಸಣೆಯಾಗಿ ಮೂಳೆಗಳ ಮೇಲಿನ ಧೂಳು ತೆಗೆಯಬೇಕಾಗಿ ಬಂತು. ಆಗಿನ ಮಾಲೀಕ ಮ್ಯಾಥ್ಯೂ ಮಹರ್ ಆ ಕೆಲಸವನ್ನು ಬೇರೆಯವರಿಗೆ ಬಿಡದೆ ತಾವೇ ಮಾಡಿದರು.

ಹಾಗೆಂದು ಅಲ್ಲಿ ಉಳಿಸಿಕೊಂಡದ್ದೆಲ್ಲ ಒಳ್ಳೆಯದೇ ಆಗಿರಲಿಲ್ಲ. ಒಳ್ಳೆಯ ಏಲ್, ಹಸಿ ಈರುಳ್ಳಿ, ಹೆಂಗಸರಿಗೆ ಪ್ರವೇಶವಿಲ್ಲ: ಇದು ಪಬ್‌ನ ಘೋಷವಾಕ್ಯವಾಗಿತ್ತು. 1939ರಲ್ಲಿ ಆಗಿನ ಮಾಲೀಕರಾಗಿದ್ದ ತಂದೆಯಿಂದ ಪಬ್ ಬಂದದ್ದು ಡೊರೊತಿ ಓಕಾನೆಲ್ ಕರ್ವನ್ ಎಂಬ ಮಗಳಿಗೆ. ವ್ಯಾಪಾರದ ಹೊತ್ತಿನಲ್ಲಿ ಒಳಗೆ ಕಾಲಿಡುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದರು, ಹಾಗೆಯೇ ನಡೆದುಕೊಂಡರು. ತನ್ನದೇ ಅಂಗಡಿಗೆ ತಾನೇ ಹೊರಗಿನವಳು! 1969ರಲ್ಲಿ ಮಹಿಳಾ ಹಕ್ಕುಗಳ ಹೋರಾಟಗಾರ್ತಿಯರಾದ ಫೇತ್ ಸೈಡನ್‌ಬರ್ಗ್ ಮತ್ತು ಕ್ಯಾರನ್ ಡಿಕ್ರೋ ಬಂದು ಕುಳಿತರು. ಏಲ್ ಸಿಗಲಿಲ್ಲ, ನ್ಯಾಯಾಲಯಕ್ಕೆ ಹೋದರು. ಮದ್ಯದ ಪರವಾನಗಿ ಕೊಡುವುದು ಸರ್ಕಾರ. ಹೀಗಿರುವಾಗ ಆ ಪರವಾನಗಿ ಹಿಡಿದವರು ಅರ್ಧ ಜನರನ್ನು ಹೊರಗಿಡುವಂತಿಲ್ಲ ಎಂಬುದು ಅವರ ವಾದದ ತಿರುಳು. 1970ರ ಜೂನ್‌ನಲ್ಲಿ ಗೆದ್ದರು. ಆಗಸ್ಟ್‌ನಲ್ಲಿ ಮೇಯರ್ ಜಾನ್ ಲಿಂಡ್ಸೆ ಇಂಥ ಎಡೆಗಳಲ್ಲಿ ಭೇದ ಮಾಡಬಾರದೆಂಬ ಕಾನೂನಿಗೆ ಸಹಿ ಹಾಕಿದರು. ಮೊದಲ ಗ್ರಾಹಕಿಯಾಗಲು ಡೊರೊತಿ ಒಪ್ಪಲಿಲ್ಲ. ಆ ಮಗ್ ಹೋದದ್ದು ನೆರೆಯಲ್ಲೇ ಚರ್ಮದ ಕುಸುರಿಯ ಅಂಗಡಿಯಿದ್ದ ಬಾರ್ಬರಾ ಶಾಮ್ ಅವರ ಕೈಗೆ. ಹೆಂಗಸರಿಗೆ ಬೇರೆ ಶೌಚಾಲಯ ಕಟ್ಟಿಸಿದ್ದು 1986ರಲ್ಲಿ, ಅಂದರೆ 16 ವರ್ಷ ತಡವಾಗಿ!

ಈ ನಿಯಮ ಹೋದರೆ ಪಬ್‌ನ ಜೀವವೇ ಹೋದಂತೆ ಎಂದು ಹಳಬರು ಹೆದರಿದ್ದರು. ಹೊಟ್ಟು, ಈರುಳ್ಳಿ, ಮೂಳೆಗಳು ಎಲ್ಲವೂ ಇದ್ದಲ್ಲೇ ಇದ್ದವು, ಸಾಲು ಉದ್ದವಾಯಿತು. 1977ರಲ್ಲಿ ಪಬ್ ಕೊಂಡ ಮಹರ್ ಅವರೂ ಐರ್ಲೆಂಡಿನಿಂದ ಬಂದವರೇ. 2020ರ ಜನವರಿಯಲ್ಲಿ ಅವರು ತೀರಿಕೊಂಡರು. ಅದಕ್ಕೂ ಎಷ್ಟೋ ಮೊದಲು, 1994ರಲ್ಲಿ, ಆ ಬಾರ್‌ನ ಹಿಂದೆ ನಿಂತು ಏಲ್ ಸುರಿದ ಮೊದಲ ಹೆಣ್ಣು ಅವರ ಮಗಳು.