ನಾಸ್ಟಾಲ್ಜಿಯಾ ಅಂದ್ರೆ 'ಹಳೇದು' ಅಂತಲ್ಲ ಮಾರಾಯ್ರೇ

ಮೊನ್ನೆ ಒಂದು ವಿಡಿಯೋ ನೋಡ್ತಿದ್ದೆ, ಅಮೆರಿಕದಲ್ಲಿ ಬಾಗಿಲು ಹಾಕ್ಕೊಂಡು ಹೋದ ಬರ್ಗರ್ ಚೈನುಗಳ ಬಗ್ಗೆ. ಕನ್ನಡದ ಹುಡುಗ, ಚೆನ್ನಾಗೇ ಮಾತಾಡ್ತಿದ್ದ, ವಿಷಯಾನೂ ಗೊತ್ತಿತ್ತು. ಆದ್ರೆ 'ನಾಸ್ಟಾಲ್ಜಿಕ್ ಬರ್ಗರ್', 'ನಾಸ್ಟಾಲ್ಜಿಕ್ ಬಿಲ್ಡಿಂಗ್', 'ನಾಸ್ಟಾಲ್ಜಿಕ್ ಬೋರ್ಡು' ಅಂತ ಒಂದೇ ಸಮ ಹೊಡೀತಿದ್ದ. ಕೊನೆಗೆ ಕೆಳಗೆ ಕನ್ನಡದಲ್ಲಿ ಬರೆಯೋವಾಗ ಅದನ್ನ 'ಹಳವಂಡ' ಅಂತ ಹಾಕಿದ್ದ. ಅಲ್ಲಿಗೆ ನನ್ನ ತಾಳ್ಮೆ ಮುಗೀತು.

ಮೊದಲು ಆ ಹಳವಂಡ ಮುಗಿಸಿಬಿಡೋಣ. ಹಳವಂಡ ಅಂದ್ರೆ ಕನವರಿಕೆ, ಭ್ರಮೆ, ಜ್ವರ ನೆತ್ತಿಗೇರಿದಾಗ ಬಡಬಡಿಸ್ತಾರಲ್ಲ ಆ ತರದ್ದು. ಶುರುವಲ್ಲಿ 'ಹಳ' ಕಂಡ ತಕ್ಷಣ ಹಳೇ ಕಾಲದ್ದು ಅಂದ್ಕೊಳ್ಳೋರು ಹಳಹಳಿಕೆಗೂ ಇದೇ ಗತಿ ಕಾಣಿಸ್ತಾರೆ. ಹಳಹಳಿ ಅಂದ್ರೆ ದುಃಖ, ಪರಿತಾಪ, ಕೈಬಿಟ್ಟು ಹೋಯ್ತಲ್ಲ ಅನ್ನೋ ಕೊರಗು. ನಿನ್ನೆ ತಪ್ಪಿಹೋದ ಬಸ್ಸಿಗೂ ಹಳಹಳಿಸಬಹುದು, ಅದಕ್ಕೆ ಐವತ್ತು ವರ್ಷ ಹಳೇದಾಗಿರಬೇಕು ಅಂತೇನಿಲ್ಲ. ನಾಸ್ಟಾಲ್ಜಿಯಾಕ್ಕೆ ಕನ್ನಡದಲ್ಲಿ ಹತ್ತಿರದ ಪದ ಹಳಹಳಿಕೆನೇ, ಅದನ್ನ ನಾನೂ ಒಪ್ತೀನಿ, ಆದ್ರೆ ಹತ್ತಿರ ಯಾಕಂದ್ರೆ ಅದರೊಳಗೆ ನೋವಿದೆ ಅಂತ, 'ಹಳ' ಇದೆ ಅಂತಲ್ಲ.

ಆ ನೋವು ಎಲ್ಲಿಂದ ಬಂತು ಅಂತ ನೋಡಿದ್ರೆ ಮಜಾ ಇದೆ. ನಾಸ್ಟಾಲ್ಜಿಯಾ ಗ್ರೀಕ್ ಪದದ ಹಾಗೆ ಕೇಳಿಸುತ್ತೆ, ಆದ್ರೆ ಪ್ರಾಚೀನ ಗ್ರೀಕರಿಗೆ ಈ ಪದನೇ ಗೊತ್ತಿರಲಿಲ್ಲ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಅನ್ನೋ ಹತ್ತೊಂಬತ್ತು ವರ್ಷದ ಮೆಡಿಕಲ್ ವಿದ್ಯಾರ್ಥಿ ತನ್ನ ಪ್ರಬಂಧಕ್ಕೋಸ್ಕರ ಎರಡು ಗ್ರೀಕ್ ತುಂಡು ಜೋಡಿಸಿ ಮಾಡಿದ್ದು ಇದು. ನಾಸ್ಟೋಸ್ ಅಂದ್ರೆ ಮನೆಗೆ ವಾಪಸ್ ಬರೋದು, ಆಲ್ಗೋಸ್ ಅಂದ್ರೆ ನೋವು. ಜರ್ಮನ್ ಮಾತಾಡೋ ಜನ ಆಗಲೇ ಇದಕ್ಕೆ ಹೈಮ್‌ವೇ ಅಂತಿದ್ರು, ಮನೆನೋವು ಅಂತಲೇ ಅರ್ಥ, ಆದ್ರೆ ಡಾಕ್ಟರುಗಳಿಗೆ ಗ್ರೀಕ್ ಹೆಸರಿಲ್ಲದ ಕಾಯಿಲೆ ಕಾಯಿಲೆನೇ ಅಲ್ವಲ್ಲ. ಇದೇ ರೋಗಕ್ಕೆ ಫಿಲೋಪ್ಯಾಟ್ರಿಡೋಮೇನಿಯಾ ಅಂತ ಇನ್ನೊಂದು ಹೆಸರನ್ನೂ ಅವನು ಮುಂದಿಟ್ಟಿದ್ದ. ಅದು ನಿಲ್ಲಲಿಲ್ಲ, ಬಚಾವಾದ್ವಿ.

ಹೋಫರ್ ಕೊಟ್ಟ ಒಂದು ಕೇಸು ಹೇಳಲೇಬೇಕು. ಒಬ್ಬಳು ಹಳ್ಳಿ ಹುಡುಗಿ, ಬಿದ್ದು ಪೆಟ್ಟಾಗಿ ಆಸ್ಪತ್ರೆಗೆ ಸೇರಿಸಿದ್ರು. ಎಚ್ಚರ ಬಂದು ನೋಡಿದ್ರೆ ಸುತ್ತ ಯಾರೂ ಗುರುತಿಲ್ಲ. ಊಟ ಬಿಟ್ಟಳು, ಔಷಧಿ ಉಗುಳಿದಳು, ಯಾರು ಏನು ಕೇಳಿದ್ರೂ ಅವಳದ್ದು ಒಂದೇ ಮಾತು, 'ನಾನು ಮನೆಗೆ ಹೋಗ್ಬೇಕು'. ಕೊನೆಗೆ ಅಪ್ಪ ಅಮ್ಮ ಮನೆಗೆ ಕರ್ಕೊಂಡು ಹೋದ್ರು, ಕೆಲವೇ ದಿನದಲ್ಲಿ ಎದ್ದು ಓಡಾಡಿದಳು. ಯಾವ ಮದ್ದೂ ಬೇಕಾಗಲಿಲ್ಲ.

ಇದನ್ನ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ಮೂಲದಲ್ಲಿ ನಾಸ್ಟಾಲ್ಜಿಯಾ ಜಾಗದ ಕಾಯಿಲೆ, ಕಾಲದ ಕಾಯಿಲೆ ಅಲ್ಲ. ವಾಪಸ್ ಕಳಿಸಿದ್ರೆ ವಾಸಿ. ಅದು ಎಷ್ಟು ಜಾಗದ್ದು ಅಂದ್ರೆ, ಹದಿನೆಂಟನೇ ಶತಮಾನದ ಶುರುವಲ್ಲಿ ಶಾಯ್ಖ್ಟ್ಸರ್ ಅನ್ನೋ ಇನ್ನೊಬ್ಬ ಸ್ವಿಸ್ ಪಂಡಿತ ಇದಕ್ಕೆ ಗಾಳಿಯ ಒತ್ತಡವೇ ಕಾರಣ ಅಂದ, ಬೆಟ್ಟದಿಂದ ಬಯಲಿಗಿಳಿದ ಸೈನಿಕರ ಮೈಗೆ ಕೆಳಗಿನ ಗಾಳಿ ಭಾರ ಆಗುತ್ತಂತೆ, ಊರಿಗೆ ಕಳಿಸೋಕಾಗದಿದ್ರೆ ಗುಡ್ಡಕ್ಕೋ ಗೋಪುರಕ್ಕೋ ಹತ್ತಿಸಿ ಇಡಬೇಕಂತೆ. ನಗು ಬರುತ್ತೆ, ಆದ್ರೆ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯ ಡಾಕ್ಟರುಗಳು ಸಾವಿರಾರು ಸೈನಿಕರ ಹೆಸರಿನ ಮುಂದೆ ನಾಸ್ಟಾಲ್ಜಿಯಾ ಅಂತಲೇ ರೋಗ ಬರೆದಿದಾರೆ, ಅದರಿಂದ ಸತ್ತರು ಅಂತ ಲೆಕ್ಕ ಹಾಕಿದವರೂ ಇದಾರೆ. ಕಾಲದ ಕಡೆ ಪದ ತಿರುಗಿದ್ದು ಆಮೇಲೆ. ಆ ತಿರುವನ್ನ ಬಹಳ ಮುಂಚೆನೇ ಹಿಡಿದವನು ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್: ಇವರು ಊರಿಗೆ ಹೋದ್ಮೇಲೆ ನಿರಾಸೆಪಡ್ತಾರೆ, ಊರೇ ಬದಲಾಯ್ತು ಅಂದ್ಕೋತಾರೆ, ನಿಜವಾಗಿ ಅವರಿಗೆ ವಾಪಸ್ ಬೇಕಾಗಿದ್ದು ತಮ್ಮ ಯೌವನ ಅಂತ 1798ರಲ್ಲೇ ಬರೆದ.

ಈಗ ಬರ್ಗರಿಗೆ ಬರೋಣ.

ಫಾಸ್ಟ್‌ಫುಡ್ ಚೈನು ಅಂದ್ರೆ ಜಾಗ ಇಲ್ಲದ ಜಾಗ, ಎಲ್ಲಿ ಹೋದ್ರೂ ಅದೇ ರುಚಿ ಅದೇ ಬೋರ್ಡು, ಅದಕ್ಕೆಂಥಾ ಮನೆನೋವು ಅಂತ ಕೆಲವರು ಕೇಳ್ತಾರೆ. ಅದು ದೇಶ ತುಂಬಾ ಇರೋ ಚೈನಿನ ಮಾತು. ಒಂದು ಸೀಮೆಯ ಚೈನಿನ ಕಥೆ ಬೇರೆ. ರಾಜ್ಯದ ಗಡಿ ದಾಟಿದ್ರೆ ಅದು ಸಿಗಲ್ಲ, ಪಕ್ಕದ ರಾಜ್ಯದವರಿಗೆ ಹೆಸರು ಹೇಳಿದ್ರೆ ಗೊತ್ತಿರಲ್ಲ. ಹೋಫರ್ ಹೇಳಿದ ಅರ್ಥ ಸರಿಯಾಗಿ ಕೂರೋದು ಇಂಥದ್ದಕ್ಕೆ. ಹಾರ್ನ್ ಆ್ಯಂಡ್ ಹಾರ್ಡಾರ್ಟ್ ಕಂಪನಿಯ ಆಟೋಮ್ಯಾಟ್ ಅನ್ನೋ ನಾಣ್ಯ ಹಾಕಿ ತಿನ್ನೋ ಹೋಟ್ಲು ತಗೊಳ್ಳಿ. 1902ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರು, 1912ರಲ್ಲಿ ನ್ಯೂಯಾರ್ಕಿಗೆ ಬಂತು, ಹೆಚ್ಚುಕಮ್ಮಿ ಆ ಎರಡೇ ಊರಿನ ಸೊತ್ತು. ಗೋಡೆ ತುಂಬಾ ಸಣ್ಣಸಣ್ಣ ಗಾಜಿನ ಬಾಗಿಲು, ಒಂದೊಂದರ ಹಿಂದೆ ಒಂದೊಂದು ತಟ್ಟೆ. ನೋಟು ಕೊಟ್ಟರೆ ಗಾಜಿನ ಗೂಡಲ್ಲಿ ಕೂತ ಹೆಂಗಸು ಬೆರಳಿಗೆ ರಬ್ಬರ್ ಟೋಪಿ ಹಾಕ್ಕೊಂಡು ಐದು ಸೆಂಟಿನ ನಿಕ್ಕಲ್ ನಾಣ್ಯಗಳನ್ನ ಎಣಿಸದೇ ಸರಸರ ತಳ್ಳೋಳು. ನಾಣ್ಯ ಹಾಕು, ಗುಂಡಿ ತಿರುಗಿಸು, ಬಾಗಿಲು ತೆಗಿ, ತಿನ್ನು. ಕಾಫಿ ಡಾಲ್ಫಿನ್ ಮುಖದ ನಲ್ಲಿಯಿಂದ ಬರ್ತಿತ್ತು, 1950ರ ತನಕ ಅದಕ್ಕೂ ಒಂದೇ ನಿಕ್ಕಲ್. ನ್ಯೂಯಾರ್ಕಿನ ಕೊನೇ ಆಟೋಮ್ಯಾಟ್ 1991ರಲ್ಲಿ ಮುಚ್ತು. ಅಲ್ಲಿ ತಿಂದವರು ಅದನ್ನ ನೆನೆಸ್ಕೊಂಡು ಸಂಕಟಪಟ್ರೆ ಅದು ನಾಸ್ಟಾಲ್ಜಿಯಾ. ಆ ಡಾಲ್ಫಿನ್ ನಲ್ಲಿಯ ಫೋಟೋ ನೋಡಿ ನಿಮಗೂ ನನಗೂ 'ಆಹಾ ಚೆನ್ನಾಗಿದೆ' ಅನ್ಸಿದ್ರೆ ಅದಕ್ಕೆ ಇಷ್ಟ ಆಯ್ತು ಅಂತಾರೆ, ಅಷ್ಟೇ. ಮತ್ತೆ ನಾಸ್ಟಾಲ್ಜಿಕ್ ಆಗೋದು ತಿಂದ ಮನುಷ್ಯ, ನಲ್ಲಿ ಅಲ್ಲ. ಇಂಗ್ಲಿಷಿನವರೂ ಈಗ ವಸ್ತುವಿಗೆ ಹಾಗೆ ಹೇಳ್ತಾರಲ್ಲ ಅಂತ ಬರಬೇಡಿ, ಗೊತ್ತು, ಅದೂ ನಂಗೆ ಹಿಡಿಸಲ್ಲ.

'ಕಣ್ಮರೆ' ಅನ್ನೋ ಪದಾನೂ ಇಲ್ಲಿ ಸ್ವಲ್ಪ ಹುಷಾರಾಗಿ ಬಳಸಬೇಕು. ಚೈನುಗಳು ಒಂದು ರಾತ್ರಿ ಬೀಗ ಜಡಿದು ಹೋಗೋದು ಅಪರೂಪ, ಸಾಮಾನ್ಯವಾಗಿ ಇನ್ನೊಬ್ಬರು ಕೊಂಡ್ಕೋತಾರೆ, ಬೋರ್ಡು ಬದಲಾಗುತ್ತೆ, ಕಟ್ಟಡ ಅಲ್ಲೇ ಇರುತ್ತೆ. ಇಂಡಿಯಾನಾಪೊಲಿಸ್‌ನ ಬರ್ಗರ್ ಶೆಫ್ ಒಂದು ಕಾಲಕ್ಕೆ ಸಾವಿರಕ್ಕೂ ಹೆಚ್ಚು ಅಂಗಡಿ ಇದ್ದ ಕಂಪನಿ, ಮೆಕ್‌ಡೊನಾಲ್ಡ್ಸ್‌ನ ಹ್ಯಾಪಿ ಮೀಲ್‌ಗಿಂತ ಮುಂಚೆನೇ 1973ರಲ್ಲಿ ಮಕ್ಕಳಿಗೆ ಫನ್‌ಮೀಲ್ ಅಂತ ಡಬ್ಬಿ ಕೊಟ್ಟಿದ್ದವರು. 1968ರಲ್ಲಿ ಜನರಲ್ ಫುಡ್ಸ್ ಕೊಂಡ್ಕೊಂಡು ಸಿಕ್ಕಾಪಟ್ಟೆ ಬೆಳೆಸೋಕೆ ಹೋಗಿ ಕೈ ಸುಟ್ಕೊಳ್ತು, 1982ರಲ್ಲಿ ಹಾರ್ಡೀಸ್ ಅನ್ನೋ ಇನ್ನೊಂದು ಬರ್ಗರ್ ಚೈನಿನ ಮಾಲೀಕರ ಪಾಲಾಯ್ತು, ಬಹಳಷ್ಟು ಅಂಗಡಿಗಳು ಹಾರ್ಡೀಸ್ ಆದವು. ಕೊನೇದು ಟೆನೆಸಿಯ ಕುಕ್‌ವಿಲ್‌ನಲ್ಲಿ 1996ರ ತನಕ ಒಂಟಿಯಾಗಿ ಉಳ್ಕೊಂಡಿತ್ತು.

ಇನ್ನು ವಾಪಸ್ ಬಂದ್ರೆ ಏನಾಗುತ್ತೆ? ಮೇರಿಲ್ಯಾಂಡಿನಲ್ಲಿ 1957ರಲ್ಲಿ ಶುರುವಾದ ಬರ್ಗರ್ ಚೈನು ಜೀನೋಸ್, ಬಾಲ್ಟಿಮೋರ್ ಕೋಲ್ಟ್ಸ್ ಫುಟ್‌ಬಾಲ್ ಆಟಗಾರ ಜೀನೋ ಮಾರ್ಕೆಟ್ಟಿಯ ಹೆಸರಿನದ್ದು. 1982ರಲ್ಲಿ ಹೋಟೆಲ್ ಕಂಪನಿ ಮ್ಯಾರಿಯಟ್ ಕೊಂಡು ಅಂಗಡಿಗಳನ್ನ ತನ್ನದೇ ಇನ್ನೊಂದು ಚೈನಾದ ರಾಯ್ ರೋಜರ್ಸ್ ಮಾಡ್ತು. 1990ರಲ್ಲಿ ರಾಯ್ ರೋಜರ್ಸನ್ನ ಹಾರ್ಡೀಸ್ ಕೊಂಡು ಹಾರ್ಡೀಸ್ ಮಾಡೋಕೆ ಹೊರಟಾಗ ಜನ ಎಷ್ಟು ಗಲಾಟೆ ಮಾಡಿದ್ರು ಅಂದ್ರೆ ಕೆಲವು ಕಡೆ ಹಳೇ ಬೋರ್ಡು ವಾಪಸ್ ಹಾಕಬೇಕಾಯ್ತು. ಅಂದ್ರೆ ಜೀನೋಸ್ ಕಳ್ಕೊಂಡವರ ಎದುರಿಗೇ ರಾಯ್ ರೋಜರ್ಸ್‌ಗಾಗಿ ಹಳಹಳಿಸೋ ಇನ್ನೊಂದು ತಲೆಮಾರು ತಯಾರಾಗಿತ್ತು, ಅದೇ ಕಟ್ಟಡಕ್ಕೆ! ಆಮೇಲೆ 2010ರಲ್ಲಿ ಪೆನ್ಸಿಲ್ವೇನಿಯಾದ ಕಿಂಗ್ ಆಫ್ ಪ್ರಷಿಯಾದಲ್ಲಿ ಜೀನೋಸ್ ಹೆಸರಲ್ಲೇ ಮತ್ತೆ ಅಂಗಡಿ ತೆರೆದ್ರು, ಹಳೇ ಕಾಲದಷ್ಟು ಹಬ್ಬಲಿಲ್ಲ. ಕಾಂಟ್ ಇದ್ದಿದ್ರೆ ಮೂಗು ಮುರೀತಿದ್ದ.

ಇದಕ್ಕಿಂತ ತಲೆತಿನ್ನೋ ಕೇಸು ವಿಂಪಿ ಅನ್ನೋ ಬರ್ಗರ್ ಚೈನಿಂದು. ಇಂಡಿಯಾನಾದ ಬ್ಲೂಮಿಂಗ್ಟನ್‌ನಲ್ಲಿ 1934ರಲ್ಲಿ ಹುಟ್ಟಿತು, ಮಾಲೀಕ 1977ರಲ್ಲಿ ತೀರ್ಕೊಂಡ ಮೇಲೆ ಅಮೆರಿಕದಲ್ಲಿ ಹೆಸರೂ ಉಳೀಲಿಲ್ಲ. ಆದ್ರೆ 1954ರಲ್ಲೇ ಲಂಡನ್ನಿಗೆ ಹೋಗಿದ್ದ ಕೊಂಬೆ ಬದುಕ್ತು, ಅಲ್ಲಿಂದ ದಕ್ಷಿಣ ಆಫ್ರಿಕಾಕ್ಕೂ ಹೋಗಿ ಹೈವೇ ಪೆಟ್ರೋಲ್ ಬಂಕ್‌ಗಳಲ್ಲಿ ಮನೆಮಾತಾಯ್ತು. ಈಗ ಇಂಡಿಯಾನಾದ ಯಾರೋ ಎಂಬತ್ತರ ಅಜ್ಜ ಜೋಹಾನ್ಸ್‌ಬರ್ಗ್ ಹತ್ತಿರ ಕಾರು ನಿಲ್ಲಿಸಿ ಆ ಕೆಂಪು ಬೋರ್ಡು ನೋಡಿದ ಅನ್ಕೊಳ್ಳಿ. ಹೆಸರು ಅದೇ, ಊರು ಮಾತ್ರ ಅಲ್ಲ. ಹೋಫರ್ ಲೆಕ್ಕದಲ್ಲಿ ಅವನಿಗೆ ವಾಸಿ ಆಗಲ್ಲ, ಇನ್ನೂ ಜಾಸ್ತಿನೇ ಆಗಬಹುದು.