‘ಸಾರ್, ಟೈಮ್ ಎಷ್ಟು ಹಾಕ್ತೀರಾ?’

ಶವಾಗಾರದ ಬಾಗಿಲಲ್ಲಿ ನಿಂತ ಪೊಲೀಸರು ನನ್ನನ್ನು ಮೊದಲು ಕೇಳುವುದು ಇದನ್ನೇ. ನಾನು ಮಂಡ್ಯ ಕಡೆ ಪೋಸ್ಟ್‌ಮಾರ್ಟಂ ಮಾಡುವ ವೈದ್ಯ. ಸತ್ತು ಎಷ್ಟು ಹೊತ್ತಾಗಿದೆ ಅನ್ನುವ ಕಾಲಂನಲ್ಲಿ ‘12ರಿಂದ 24 ಗಂಟೆ’ ಅಂತ ಬರೆದರೆ ಅವರ ಮುಖ ಸಪ್ಪಗಾಗುತ್ತದೆ. ಟಿ.ವಿ. ಧಾರಾವಾಹಿಯ ಡಾಕ್ಟರ್ ಗ್ಲೌಸ್ ಕಳಚುತ್ತಲೇ ‘ರಾತ್ರಿ 11.20’ ಅಂದುಬಿಡುತ್ತಾನೆ. ಅಂಥವನನ್ನು ನಾನಂತೂ ನಂಬುವುದಿಲ್ಲ. ಕೋರ್ಟಿನಲ್ಲಿ ಎದುರು ವಕೀಲರು ಅವನನ್ನು ಐದು ನಿಮಿಷವೂ ನಿಲ್ಲಲು ಬಿಡುವುದಿಲ್ಲ.

ಮೈ ತಣ್ಣಗಾಗುವುದನ್ನೇ ತಗೊಳ್ಳಿ. ಬದುಕಿದ್ದಾಗ ಮೈಯ ಒಳಗಿನ ಬಿಸಿ 37 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಸತ್ತ ಮೇಲೆ ಅದು ಗಂಟೆಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ ಅನ್ನುವುದು ಹಳೆಯ ಲೆಕ್ಕ. ಚಳಿ ದೇಶದಲ್ಲಿ ಹುಟ್ಟಿದ ಲೆಕ್ಕ ಅದು. ಮಂಡ್ಯದ ಏಪ್ರಿಲ್ ಮಧ್ಯಾಹ್ನ ಹೊರಗಿನ ಬಿಸಿಲೇ 36-37 ಡಿಗ್ರಿ ಮುಟ್ಟುತ್ತದೆ. ಮೈ ಎಲ್ಲಿಗೆ ಅಂತ ತಣ್ಣಗಾಗಬೇಕು? ‘ಮುಟ್ಟಿದಾಗ ಬೆಚ್ಚಗಿತ್ತು ಸಾರ್, ಈಗ್ತಾನೆ ಹೋಗಿರೋದು’ ಅಂತ ಮನೆಯವರು ಹೇಳುತ್ತಾರೆ. ಬೇಸಿಗೆಯಲ್ಲಿ ಆ ಮಾತಿಗೆ ಬೆಲೆ ಕಮ್ಮಿ. ತಣ್ಣಗಾಗುವ ಲೆಕ್ಕ ನಮ್ಮಲ್ಲಿ ಸ್ವಲ್ಪವಾದರೂ ಕೆಲಸಕ್ಕೆ ಬರುವುದು ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮಾತ್ರ.

ಇನ್ನು ಸೆಟೆದುಕೊಳ್ಳುವುದು. ಸತ್ತ ತಕ್ಷಣ ಸ್ನಾಯುಗಳೆಲ್ಲ ಸಡಿಲ. ಆಮೇಲೆ ಅವುಗಳಿಗೆ ಶಕ್ತಿ ಕೊಡುವ ಎಟಿಪಿ ಅನ್ನುವ ರಾಸಾಯನಿಕ ಮುಗಿಯುತ್ತದೆ. ಅದಿಲ್ಲದೆ ಒಂದಕ್ಕೊಂದು ಕಚ್ಚಿಕೊಂಡ ಎಳೆಗಳು ಬಿಚ್ಚಿಕೊಳ್ಳಲಾರವು. ರೆಪ್ಪೆ, ದವಡೆ, ಕುತ್ತಿಗೆ, ಆಮೇಲೆ ಕೈ, ಕಾಲು. ಹೀಗೆ ಬಿಗಿಯುತ್ತಾ ಹೋಗುತ್ತದೆ. ನಮ್ಮ ಸೆಕೆಯಲ್ಲಿ ಒಂದೆರಡು ಗಂಟೆಗೇ ಶುರುವಾಗಿ, ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನದಲ್ಲಿ ಬಿಟ್ಟುಕೊಳ್ಳುತ್ತದೆ. ಸಾಯುವ ಮೊದಲು ಓಡಿದ್ದರೆ, ಹೊಡೆದಾಡಿದ್ದರೆ, ಫಿಟ್ಸ್ ಬಂದಿದ್ದರೆ ಇನ್ನೂ ಬೇಗ.

ರಕ್ತ ಇಳಿದು ಮೂಡುವ ಕೆನ್ನೇರಳೆ ಕಲೆಯ ಕಥೆ ಬೇರೆ. ಅದನ್ನು ನಾನು ಸಮಯಕ್ಕಿಂತ ಜಾಸ್ತಿ ಜಾಗಕ್ಕೆ ನೋಡುತ್ತೇನೆ. ಹೃದಯ ನಿಂತ ಮೇಲೆ ರಕ್ತ ಕೆಳಗಿನ ಭಾಗಕ್ಕೆ ಇಳಿಯುತ್ತದೆ. ಮೊದಲ ಕೆಲವು ಗಂಟೆ ಹೆಬ್ಬೆರಳಿನಿಂದ ಒತ್ತಿದರೆ ಬಣ್ಣ ಬಿಳಿಚುತ್ತದೆ. ಆರೆಂಟು ಗಂಟೆ ದಾಟಿದರೆ ಕಲೆ ಕೂತುಬಿಡುತ್ತದೆ. ಶವ ಅಂಗಾತ ಸಿಕ್ಕಿದೆ, ಕಲೆ ಮಾತ್ರ ಎದೆ ಮೇಲಿದೆ ಅಂದರೆ ಯಾರೋ ಹೊರಳಿಸಿದ್ದಾರೆ ಅಂತಲೇ ಅಲ್ವಾ?

ಈಗ ನನ್ನದೇ ಒಂದು ತಪ್ಪಿನ ಕಥೆ. ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಆಲೆಮನೆ ಕೂಲಿಯವನ ಶವ ಬಂತು. ಹೊಟ್ಟೆ ಉಬ್ಬಿತ್ತು, ಹಸಿರು ತಿರುಗಿತ್ತು. ಚರ್ಮದಡಿ ರಕ್ತನಾಳಗಳು ಮರದ ಕೊಂಬೆಗಳ ಹಾಗೆ ಎದ್ದು ಕಾಣುತ್ತಿದ್ದವು. ಆ ಹಸಿರು ಸಾಮಾನ್ಯವಾಗಿ ಹೊಟ್ಟೆಯ ಬಲಗಡೆ ಕೆಳಗೆ ಮೊದಲು ಕಾಣಿಸುತ್ತದೆ. ದೊಡ್ಡ ಕರುಳಿನ ಮೊದಲ ಭಾಗ ಅಲ್ಲಿ ಚರ್ಮಕ್ಕೆ ಹತ್ತಿರ, ಬ್ಯಾಕ್ಟೀರಿಯಾ ಅಲ್ಲಿ ಜಾಸ್ತಿ. ಬೇಸಿಗೆಯಲ್ಲಿ 12ರಿಂದ 18 ಗಂಟೆಗೆ ಅದು ಶುರು. ಇವನಲ್ಲಿ ಎಲ್ಲ ಹಂತವೂ ಮುಂದೆ ಹೋಗಿತ್ತು. ನಾನು ಧೈರ್ಯವಾಗಿ ‘2ರಿಂದ 3 ದಿನ’ ಅಂತ ಬರೆದೆ. ಆದರೆ ಅವನು ಹಿಂದಿನ ದಿನ ಬೆಳಿಗ್ಗೆ ಪಕ್ಕದ ಅಂಗಡಿಯಲ್ಲಿ ಬೀಡಿ ಕೊಂಡಿದ್ದ. ನೋಡಿದವರು ಮೂವರಿದ್ದರು.

ಆಮೇಲೆ ಜಾಗಕ್ಕೆ ಹೋಗಿ ನೋಡಿದೆ. ಬೆಲ್ಲದ ಕೊಪ್ಪರಿಗೆಯ ಒಲೆ ಹಗಲೂ ರಾತ್ರಿ ಉರಿಯುತ್ತಿತ್ತು. ಅದರ ಗೋಡೆಗೆ ಒತ್ತಿಕೊಂಡ ಪುಟ್ಟ ಕೋಣೆಯಲ್ಲಿ ಅವನು ಮಲಗಿದ್ದ. ಮೇಲೆ ತಗಡಿನ ಶೀಟು, ಕಿಟಕಿ ಇಲ್ಲ. ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೆ ಮನೆ ಬೇಕಾ? ಹೊರಗೆ ಎರಡು ದಿನ ಹಿಡಿಯುವ ಕೆಲಸ ಅಲ್ಲಿ ಒಂದೇ ದಿನಕ್ಕೆ ಮುಗಿದಿತ್ತು. ನಾನು ಶವ ನೋಡಿ ಬರೆದಿದ್ದೆ, ಕೋಣೆ ನೋಡಿರಲಿಲ್ಲ. ಅಂದಿನಿಂದ ಪಂಚನಾಮೆ ಕೈಗೆ ಬಂದರೆ ಮೊದಲು ಹುಡುಕುವುದು ಚಾವಣಿ ಯಾವುದು, ಫ್ಯಾನ್ ಓಡುತ್ತಿತ್ತಾ, ಮೇಲೆ ಕಂಬಳಿ ಇತ್ತಾ ಅನ್ನುವುದನ್ನು. ಬಹಳ ಸಲ ಅದ್ಯಾವುದೂ ಬರೆದಿರುವುದಿಲ್ಲ, ಫೋನ್ ಮಾಡಿ ಕೇಳಬೇಕು.

ಹೊಟ್ಟೆಯಲ್ಲಿ ಮುದ್ದೆ ಇತ್ತಾ ಅನ್ನುವುದು ಇನ್ನೊಂದು ಖಾಯಂ ಪ್ರಶ್ನೆ. ಗಟ್ಟಿ ಊಟ ಹೊಟ್ಟೆಯಿಂದ ಕೆಳಗಿಳಿಯಲು ನಾಲ್ಕರಿಂದ ಆರು ಗಂಟೆ ಅಂತಾರೆ. ಆದರೆ ಹೆದರಿಕೆ, ಏಟು, ಕುಡಿತ, ಯಾವುದಾದರೂ ಸರಿ, ಜೀರ್ಣ ನಿಧಾನವಾಗುತ್ತದೆ. ಹಾಗಾಗಿ ಯಾವಾಗ ಉಂಡ ಅನ್ನುವುದಕ್ಕಿಂತ ಏನು ಉಂಡ ಅನ್ನುವುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮುದ್ದೆ ಬೇಗ ಕಂದು ಗಂಜಿಯಾಗುತ್ತದೆ. ಅವರೆಕಾಳಿನ ಸಿಪ್ಪೆ, ಸೊಪ್ಪಿನ ನಾರು ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಮನೆಯಲ್ಲಿ ಉಪ್ಪಿಟ್ಟು ತಿಂದು ಮಲಗಿದ ಅಂತ ಹೇಳಿಕೆ ಕೊಟ್ಟಿದ್ದು, ಹೊಟ್ಟೆಯಲ್ಲಿ ಸೊಪ್ಪು ಸಿಕ್ಕಿದರೆ ತನಿಖೆ ಬೇರೆ ದಾರಿ ಹಿಡಿಯುತ್ತದೆ.

ಮಂಡ್ಯದಲ್ಲಿ ಈ ಕೆಲಸ ಮಾಡುವವನು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಗ್ಗೆ ಬರೆಯದೆ ಇರಲಾರ. ನಾಲೆ ಅಂದರೆ ಎಲ್ಲರಿಗೂ 2018ರ ನವೆಂಬರ್‌ನ ಕನಗನಮರಡಿ ಬಸ್ ದುರಂತವೇ ನೆನಪಾಗುತ್ತದೆ. ಅಲ್ಲಿ ಸಮಯದ ಪ್ರಶ್ನೆಯೂ ಇರಲಿಲ್ಲ, ಕಾರಣದ ಪ್ರಶ್ನೆಯೂ ಇರಲಿಲ್ಲ. ಕಷ್ಟ ಇರುವುದು ಒಬ್ಬಂಟಿಯಾಗಿ ತೇಲಿ ಬರುವ ಶವದಲ್ಲಿ. ಎಲ್ಲಿ ಬಿದ್ದರು, ಯಾವಾಗ ಬಿದ್ದರು, ಬೀಳುವಾಗ ಜೀವ ಇತ್ತಾ? ಮೂರೂ ಗೊತ್ತಿಲ್ಲ.

ನೀರಿನಲ್ಲಿ ಶವ ನಿಧಾನಕ್ಕೆ ಕೊಳೆಯುತ್ತದೆ. ಗಾಳಿಯಲ್ಲಿ ಒಂದು ವಾರ, ನೀರಿನಲ್ಲಿ ಎರಡು ವಾರ, ಮಣ್ಣಿನಲ್ಲಿ ಎಂಟು ವಾರ ಒಂದೇ ಸಮ ಅಂತ 19ನೇ ಶತಮಾನದ ಜರ್ಮನ್ ವೈದ್ಯ ಕ್ಯಾಸ್ಪರ್ ಲೆಕ್ಕ ಹಾಕಿದ್ದ. ಅದೂ ಅಂದಾಜೇ. ನಮ್ಮ ಬೇಸಿಗೆಯಲ್ಲಿ ಮುಳುಗಿದ ಶವ ಒಂದು ದಿನದೊಳಗೇ ಮೇಲೆ ಬರಬಹುದು, ಚಳಿಯಲ್ಲಿ ಇನ್ನೂ ತಡ. ಅಷ್ಟರಲ್ಲಿ ಹರಿವು ಅದನ್ನು ಎಷ್ಟೋ ದೂರ ಒಯ್ದಿರುತ್ತದೆ. ಅದರ ಮೇಲೆ, ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುತ್ತಿದ್ದರೆ ನೀರು ನಿಂತ ಕಡೆ ಶವವೂ ನಿಲ್ಲುತ್ತದೆ. ನೀರು ಬಂದ ದಿನ ಮತ್ತೆ ಹೊರಡುತ್ತದೆ. ನಾಲೆಯ ನೀರು ನೋಡಿಕೊಳ್ಳುವ ಸೌಡಿಯನ್ನು ಕೇಳಿ ನೀರು ಬಿಟ್ಟ ದಿನ ತಿಳಿದುಕೊಳ್ಳುವುದೂ ನನ್ನ ಕೆಲಸವೇ ಆಗಿಬಿಟ್ಟಿದೆ.

ಅಂಗೈ ಬಿಳಿಚಿ ಸುಕ್ಕಾಗಿದ್ದರೆ ‘ನೀರು ಕುಡಿದು ಸತ್ತಿದ್ದಾರೆ’ ಅಂತ ಜನ ತೀರ್ಮಾನ ಮಾಡುತ್ತಾರೆ. ಕೊಂದು ಎಸೆದ ಶವಕ್ಕೂ ಅಂಗೈ ಸುಕ್ಕಾಗುತ್ತದೆ. ನಾನು ನೋಡುವುದು ಮೂಗು, ಬಾಯಿಯ ಸಣ್ಣ ಬಿಳಿ ನೊರೆಯನ್ನು. ಒರೆಸಿದರೂ ಎದೆ ಒತ್ತಿದರೆ ಮತ್ತೆ ಬರುತ್ತದೆ. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ ಜೊಂಡು, ಕೆಸರು ಸಿಕ್ಕರೆ ಅದು ಇನ್ನೂ ಗಟ್ಟಿ ಸಾಕ್ಷಿ. ಡಯಾಟಮ್ ಪರೀಕ್ಷೆ ಅಂತ ಒಂದಿದೆ. ಡಯಾಟಮ್ ಅಂದರೆ ಗಾಜಿನಂಥ ಚಿಪ್ಪಿರುವ, ಕಣ್ಣಿಗೆ ಕಾಣದ ಪಾಚಿ. ಮುಳುಗುವಾಗ ಹೃದಯ ಬಡಿಯುತ್ತಿದ್ದರೆ ಅದು ರಕ್ತದ ಜೊತೆ ಮೂಳೆಯ ಮಜ್ಜೆಯವರೆಗೂ ಹೋಗುತ್ತದೆ. ಹೋಲಿಸಲು ಅದೇ ನಾಲೆಯ ನೀರೂ ಒಂದು ಬಾಟಲಿ ಬೇಕು. ಆದರೆ ಡಯಾಟಮ್ ಸಿಗಲಿಲ್ಲ ಅಂದ ಮಾತ್ರಕ್ಕೆ ಮುಳುಗಿಲ್ಲ ಅಂತಲ್ಲ.

ಕಾರಣದ ವಿಷಯಕ್ಕೆ ಬಂದರೆ, ‘ಹೃದಯ ನಿಂತು ಸಾವು’ ಅನ್ನುವುದು ಕಾರಣವೇ ಅಲ್ಲ. ಸತ್ತ ಎಲ್ಲರ ಹೃದಯವೂ ನಿಂತಿರುತ್ತದೆ. ಅದು ಯಾಕೆ ನಿಂತಿತು ಹೇಳಬೇಕು. ಕುತ್ತಿಗೆಯ ಗುರುತು ಗಂಟಲಮಣಿಗಿಂತ ಮೇಲೆ, ಓರೆಯಾಗಿ, ಹಗ್ಗದ ಗಂಟಿನ ಹತ್ತಿರ ಬಿಟ್ಟುಹೋಗಿದ್ದರೆ ಸಾಮಾನ್ಯವಾಗಿ ನೇಣು. ಅಡ್ಡಡ್ಡ, ಪೂರ್ತಿ ಸುತ್ತಿದ್ದರೆ ಬಿಗಿದು ಕೊಂದಿರುವ ಅನುಮಾನ. ವಿಷದ ಸಾವಿನಲ್ಲಿ ಬಹಳ ಸಲ ಹೊಟ್ಟೆ ತೆರೆದ ಕೂಡಲೇ ಕೀಟನಾಶಕದ ವಾಸನೆ ಹೊಡೆಯುತ್ತದೆ. ಆದರೂ ಮೂಗನ್ನು ನಂಬಿ ಬರೆಯುವ ಹಾಗಿಲ್ಲ. ಹೊಟ್ಟೆ, ಕರುಳು, ಯಕೃತ್ತು, ಮೂತ್ರಪಿಂಡದ ತುಂಡುಗಳನ್ನು ಗಟ್ಟಿ ಉಪ್ಪುನೀರಿನಲ್ಲಿ ಹಾಕಿ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸುತ್ತೇವೆ. ಅಲ್ಲಿಯವರೆಗೆ ನನ್ನ ವರದಿಯಲ್ಲಿ ‘ಅಭಿಪ್ರಾಯ ಕಾಯ್ದಿರಿಸಿದೆ’ ಅಂತಲೇ ಇರುತ್ತದೆ. ಇನ್ಶೂರೆನ್ಸ್‌ಗೆ ಓಡಾಡುವ ಮನೆಯವರು ಬೈಯುತ್ತಾರೆ. ಬೈಯಲಿ, ಅವರ ಕಷ್ಟ ನಿಜ.

ರಾತ್ರಿ ಯಾಕೆ ಮಾಡುವುದಿಲ್ಲ ಅಂತಲೂ ಕೇಳುತ್ತಾರೆ. ಬೆಳಕು, ಸೌಕರ್ಯ ಸರಿಯಿದ್ದರೆ ರಾತ್ರಿಯೂ ಮಾಡಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2021ರಲ್ಲೇ ಹೇಳಿದೆ. ಆದರೆ ಕೊಲೆ, ಆತ್ಮಹತ್ಯೆ, ಕೊಳೆತ ಶವ, ಅನುಮಾನದ ಸಾವುಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿದೆ. ನಮಗೆ ಬರುವ ಬಹುಪಾಲು ಇಂಥವೇ. ಪೊಲೀಸರ ಭಾಷೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಕಾನೂನಿನಲ್ಲಿ 2024ರ ಜುಲೈಯಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 194, ಬಾಯಲ್ಲಿ ಇನ್ನೂ ಹಳೆಯ ಸಿಆರ್‌ಪಿಸಿಯ 174.

ಹಾಗೆ ಕಾಯುವ ರಾತ್ರಿಯಲ್ಲೇ ಸಾಕ್ಷಿ ಕೆಡುವುದು. ಪೊಲೀಸರು ಬರುವ ಮೊದಲೇ ಶವಕ್ಕೆ ಸ್ನಾನ ಮಾಡಿಸಿ ಅರಿಶಿನ ಹಚ್ಚಿರುತ್ತಾರೆ. ನೊರೆ, ಜೊಲ್ಲು, ಉಗುರಿನ ಸಂದಿಯ ಕೊಳೆ ಎಲ್ಲ ನೀರಿನ ಜೊತೆ ಹೋಯಿತು. ಬಾಡಿಗೆ ಫ್ರೀಜರ್ ಬಾಕ್ಸ್ ಈಗ ಹಳ್ಳಿಗೂ ಬಂದಿದೆ. ಅದರಲ್ಲಿಟ್ಟ ಮೈಯ ಬಿಸಿ ನನಗೆ ಏನನ್ನೂ ಹೇಳುವುದಿಲ್ಲ. ಬಾಕ್ಸ್ ಬೇಡ ಅನ್ನಲು ನನಗೂ ಬಾಯಿ ಬರುವುದಿಲ್ಲ, ಬೇರೆ ಊರಿಂದ ಮಕ್ಕಳು ಬರಬೇಕು. ಎಷ್ಟು ಗಂಟೆಗೆ ಶವ ಒಳಗಿಟ್ಟಿರಿ, ಎಷ್ಟು ಗಂಟೆಗೆ ಸ್ವಿಚ್ ಹಾಕಿದಿರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಶವದ ಜೊತೆ ಕಳಿಸಿ, ಸಾಕು.