ಕಾಲುವೆಯಿಂದ ಎಷ್ಟು ಮೀಟರ್? ಬೆಂಗಳೂರಿನ ನೆರೆ ಮತ್ತು ಬರದ ಹಿನ್ನೆಲೆ

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆ ಸುರಿಯಿತು. ಮರುದಿನ ಹೊರವರ್ತುಲ ರಸ್ತೆಯ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿ ತಲುಪಿದರು. ಕೋಟ್ಯಂತರ ರೂಪಾಯಿ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಒಂದೂವರೆ ವರ್ಷ ಕಳೆಯಿತು. 2024ರ ಮಾರ್ಚ್‌ನಲ್ಲಿ ಅದೇ ಹೊರವರ್ತುಲ ರಸ್ತೆ ಹಾದುಹೋಗುವ ಮಹದೇವಪುರದ ಆಸುಪಾಸಿನ ಬಡಾವಣೆಗಳು ಟ್ಯಾಂಕರ್ ನೀರಿಗಾಗಿ ಕಾಯುತ್ತಿದ್ದವು. ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ನಗರದ ಸುಮಾರು 14,000 ಸಾರ್ವಜನಿಕ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿದ್ದವು. ಏಪ್ರಿಲ್ ತಿಂಗಳಿಡೀ ಮಳೆ ಇಲ್ಲ, ತಿಂಗಳ ಕೊನೆಗೆ ಉಷ್ಣಾಂಶ 38.5 ಡಿಗ್ರಿ. ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಮಳೆ ಬಿದ್ದು, ಜೂನ್ ತಿಂಗಳ ಮಟ್ಟಿಗೆ 1891ರಿಂದ ಉಳಿದಿದ್ದ ದಾಖಲೆ ಮುರಿಯಿತು.

ಇವೆಲ್ಲ ಪತ್ರಿಕೆಗಳಲ್ಲಿ ಬೇರೆ ಬೇರೆ ಸುದ್ದಿಗಳಾಗಿ ಬಂದವು. ನೆರೆಗೆ ಒಂದು ಇಲಾಖೆ, ಕುಡಿಯುವ ನೀರಿಗೆ ಇನ್ನೊಂದು ಮಂಡಳಿ, ಕೆರೆಗೆ ಮತ್ತೊಂದು ಪ್ರಾಧಿಕಾರ ಉತ್ತರ ಕೊಟ್ಟವು. ಈ ನಗರವನ್ನು ದಶಕಗಳಿಂದ ಅಭ್ಯಾಸ ಮಾಡುತ್ತಿರುವ ಸಂಶೋಧಕರು ಮಾತ್ರ ಇದನ್ನು ಒಂದೇ ಪ್ರಶ್ನೆಯಾಗಿ ನೋಡುತ್ತ ಬಂದಿದ್ದಾರೆ: ಬಿದ್ದ ಮಳೆಗೆ ನಿಲ್ಲಲು, ಇಂಗಲು, ಹರಿಯಲು ಇಲ್ಲಿ ಎಷ್ಟು ಜಾಗ ಉಳಿದಿದೆ?

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಈ ಊರಿಗೆ ದೊಡ್ಡ ನದಿ ಇಲ್ಲ. ಬಿದ್ದ ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಹಿಂದಿನವರು ಆ ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ, ಒಂದು ಕೆರೆಯ ಕೋಡಿಯನ್ನು ಮುಂದಿನ ಕೆರೆಗೆ ಕಾಲುವೆಯಿಂದ ಜೋಡಿಸಿದರು. ಯಾವ ತೂಬು ಯಾವಾಗ ಎತ್ತಬೇಕೆಂದು ನೋಡಿಕೊಳ್ಳಲು ನೀರುಗಂಟಿ ಇದ್ದ. ನಲ್ಲಿ ಬಂದ ಮೇಲೆ ಕೆರೆಯ ಕೆಲಸ ಮುಗಿಯಿತೆಂದು ಊರು ಭಾವಿಸಿತು. 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ನೀರಿನ ಮೂಲ ದೂರ ಸರಿದಷ್ಟೂ ಹತ್ತಿರದ ಕೆರೆ ಖಾಲಿ ನಿವೇಶನವಾಗಿ ಕಾಣತೊಡಗಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು.

ಎಚ್ಚರಿಕೆ ತಡವಾಗಿ ಬಂತು ಎನ್ನುವಂತಿಲ್ಲ. 1980ರ ದಶಕದ ಮಧ್ಯದಲ್ಲೇ ಲಕ್ಷ್ಮಣ ರಾವ್ ಸಮಿತಿ ಕೆರೆಗಳನ್ನು ಉಳಿಸಿಕೊಳ್ಳಬೇಕು, ಅಂಗಳದಲ್ಲಿ ನಿವೇಶನ ಹಂಚಬಾರದು ಎಂದು ವರದಿ ಕೊಟ್ಟಿತ್ತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. 2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾದಾಗ ಆ ಊರುಗಳ ಕೆರೆ, ಗೋಮಾಳ, ಕಾಲುವೆಗಳೆಲ್ಲ ಒಂದೇ ಏಟಿಗೆ ನಗರದ ಆಸ್ತಿಯಾದವು. ಹಳ್ಳಿಗಳನ್ನು ಸೇರಿಸಿಕೊಂಡ ವೇಗದಲ್ಲಿ ಒಳಚರಂಡಿ ಅಲ್ಲಿಗೆ ಹೋಗಲಿಲ್ಲ. ಮಳೆಗಾಲದಲ್ಲಿ ಮಾತ್ರ ಹರಿಯಬೇಕಾದ ರಾಜಕಾಲುವೆ ವರ್ಷವಿಡೀ ಕೊಳಚೆ ಹೊರುವ ಮೋರಿಯಾಯಿತು. ಬೆಳ್ಳಂದೂರು ಕೆರೆ ನೊರೆಯುಕ್ಕಿಸಿದ್ದನ್ನು, 2017ರ ಫೆಬ್ರುವರಿಯಲ್ಲೂ 2018ರ ಜನವರಿಯಲ್ಲೂ ಅದರ ಮೇಲೆ ಬೆಂಕಿ ಹೊತ್ತಿದ್ದನ್ನು ಜಗತ್ತೇ ನೋಡಿತು.

ಅಂಕಿಅಂಶ ಒದಗಿಸುವ ಕೆಲಸದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಬಹಳ ಕಾಲದಿಂದ ತೊಡಗಿದೆ. ಉಪಗ್ರಹ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ ಈ ತಂಡದ ಪ್ರಕಾರ, 1973ರಿಂದ 2017ರ ನಡುವೆ ನಗರದ ಕಟ್ಟಡ ಮತ್ತು ಕಾಂಕ್ರೀಟ್ ಹೊದಿಕೆ ಶೇ 1,028ರಷ್ಟು ಹೆಚ್ಚಿದೆ. ಹಸಿರು ಶೇ 88ರಷ್ಟು, ಜಲಮೂಲಗಳು ಶೇ 79ರಷ್ಟು ಕುಗ್ಗಿವೆ. ಬಿಸಿಲಿನ ಕಡೆಯಿಂದ ನೋಡಿದ ಇನ್ನೊಂದು ಅಧ್ಯಯನವನ್ನು ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಹಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಮರಗಳಿರುವ ರಸ್ತೆಯನ್ನೂ ಮರಗಳಿಲ್ಲದ ರಸ್ತೆಯನ್ನೂ ಅಳೆದು ಹೋಲಿಸಿದಾಗ ಮಧ್ಯಾಹ್ನದ ಗಾಳಿಯ ಉಷ್ಣಾಂಶದಲ್ಲಿ 5.6 ಡಿಗ್ರಿವರೆಗೆ, ಡಾಂಬರಿನ ಮೇಲ್ಮೈಯಲ್ಲಿ 27.5 ಡಿಗ್ರಿವರೆಗೆ ವ್ಯತ್ಯಾಸ ಕಂಡಿತು. ರಸ್ತೆ ಅಗಲೀಕರಣದ ಯಾವ ಅಂದಾಜುಪಟ್ಟಿಯಲ್ಲೂ ಈ ಡಿಗ್ರಿಗಳಿಗೆ ಬೆಲೆ ಕಟ್ಟಿದ್ದು ಕಾಣುವುದಿಲ್ಲ. ಬೀದಿಬದಿಯಲ್ಲಿ ಹೂವು ಮಾರುವವರಿಗೆ, ಕಸ ಗುಡಿಸುವವರಿಗೆ ಅದರ ಬೆಲೆ ದಿನವೂ ಗೊತ್ತಾಗುತ್ತದೆ.

ಈ ಕಥೆಯಲ್ಲಿ ನಿಧಾನವಾಗಿ ನೋಡಬೇಕಾದದ್ದು ಬಫರ್ ವಲಯದ, ಎಂದರೆ ಕೆರೆ, ಕಾಲುವೆಗಳ ಪಕ್ಕದಲ್ಲಿ ಏನನ್ನೂ ಕಟ್ಟದೆ ಬಿಡಬೇಕಾದ ಜಾಗದ ಜಗಳ. ಮೇಲ್ನೋಟಕ್ಕೆ ಒಣ ಕಾನೂನಿನ ವಿಷಯ; ನಗರದ ನೆರೆ, ಬರ ಎರಡೂ ತೀರ್ಮಾನವಾಗುವುದು ಇಲ್ಲೇ.

2007ರಲ್ಲಿ ಒಪ್ಪಿಗೆ ಪಡೆದ, 2015ನ್ನು ಗುರಿಯಾಗಿಟ್ಟುಕೊಂಡ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಪ್ರಕಾರ ಕೆರೆಯ ಸುತ್ತ 30 ಮೀಟರ್ ಬಿಡಬೇಕಿತ್ತು. ರಾಜಕಾಲುವೆಗಳಲ್ಲಿ ಪ್ರಥಮ ಶ್ರೇಣಿಯದಕ್ಕೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. ಅಳತೆ ಶುರುವಾಗುತ್ತಿದ್ದದ್ದು ಕಾಲುವೆಯ ನಡುವಿನಿಂದ. ಬೆಳ್ಳಂದೂರು–ಅಗರ ಕೆರೆಗಳ ನಡುವಿನ ಜೌಗು ಪ್ರದೇಶದ ಕಟ್ಟಡ ಯೋಜನೆಗಳ ವಿರುದ್ಧ ಫಾರ್ವರ್ಡ್ ಫೌಂಡೇಷನ್ ಎಂಬ ಸಂಸ್ಥೆ ಮತ್ತಿತರರು ಹೂಡಿದ ಪ್ರಕರಣದಲ್ಲಿ, 2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಬದಲಿಸಿತು. ಕೆರೆಗೆ 75 ಮೀಟರ್, ಕಾಲುವೆಗಳಿಗೆ ಕ್ರಮವಾಗಿ 50, 35, 25, ಅಳತೆ ಅಂಚಿನಿಂದ.

ನಡುವಿನಿಂದಲೋ ಅಂಚಿನಿಂದಲೋ ಎಂಬುದು ಸಣ್ಣ ವಿಷಯವಲ್ಲ. 30 ಮೀಟರ್ ಅಗಲದ ರಾಜಕಾಲುವೆಗೆ ನಡುವಿನಿಂದ 50 ಮೀಟರ್ ಎಂದರೆ ದಡದ ಮೇಲೆ ಸಿಗುವುದು 35 ಮೀಟರ್ ಮಾತ್ರ. ಇಕ್ಕೆಲಗಳಲ್ಲೂ ಹದಿನೈದು ಹದಿನೈದು ಮೀಟರ್ ಉದ್ದಕ್ಕೂ ಕೈಬಿಟ್ಟಂತೆ. ಅಂಚಿನ ಅಳತೆಗೂ ಒಂದು ತೊಡಕಿದೆ: ಒತ್ತುವರಿಯಿಂದ ಕಾಲುವೆ ಆಗಲೇ ಕಿರಿದಾಗಿದ್ದರೆ ಯಾವ ಅಂಚನ್ನು ಹಿಡಿಯಬೇಕು? ಆಗ ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಗೇ ಹೋಗಬೇಕು. ಇಂದು ಸೈಟು, ರಸ್ತೆ, ಕಾಂಪೌಂಡ್ ಕಾಣುವಲ್ಲಿ ಆ ನಕ್ಷೆಯಲ್ಲಿ ಕೆರೆಯಿಂದ ಕೆರೆಗೆ ಹೋಗುವ ಜೋಡಿಗೆರೆ ಇರುತ್ತದೆ, ಆ ಗೆರೆಗಳ ನಡುವಿನ ಜಾಗ ಖರಾಬು, ಎಂದರೆ ಸಾಗುವಳಿಗೆ ಸೇರದೆ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. 2022ರ ನೆರೆಯ ನಂತರ ಜೆಸಿಬಿಗಳು ಹೊರಟಾಗ ಸರ್ವೇಯರುಗಳ ಕೈಯಲ್ಲಿದ್ದದ್ದು ಇವೇ ಹಾಳೆಗಳು. ಬ್ಯಾಂಕ್ ಸಾಲ ಪಡೆದು, ಮಂಜೂರಾದ ನಕ್ಷೆಯನ್ನೇ ನಂಬಿ ಮನೆ ಕೊಂಡವರು ಅಂದು ಮೊದಲ ಬಾರಿಗೆ ಅವುಗಳನ್ನು ಕಂಡರು. ಅವರ ಸಂಕಟ ನಿಜವಾದದ್ದು. ತೆರವು ಕೆಲವು ವಾರ ನಡೆದು, ತಡೆಯಾಜ್ಞೆಗಳು ಬಂದು, ಸದ್ದಡಗಿತು.

ಇದಕ್ಕೂ ಮೊದಲೇ, 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ನ್ಯಾಯಮಂಡಳಿಯ ಬಫರ್ ಆದೇಶವನ್ನು ರದ್ದುಪಡಿಸಿತ್ತು. ಶಾಸನಬದ್ಧ ಮಹಾಯೋಜನೆಯ ವಲಯ ನಿಯಮವನ್ನು ನ್ಯಾಯಮಂಡಳಿ ತಿದ್ದಲು ಬರುವುದಿಲ್ಲ ಎಂಬುದು ಅದರ ಆಧಾರ. ಎಷ್ಟು ಮೀಟರ್ ಬಿಟ್ಟರೆ ಕೆರೆ ಉಳಿಯುತ್ತದೆ ಎಂಬ ವಿಜ್ಞಾನದ ಪ್ರಶ್ನೆಗೆ ಆ ತೀರ್ಪು ಉತ್ತರವಾಗಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆದರೂ ಹೊರಗೆ ಅದನ್ನು ‘30 ಮೀಟರ್ ಸಾಕು’ ಎಂದೇ ಓದಿಕೊಳ್ಳಲಾಯಿತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲದ ಮುಂದೆ ಬಂದ, ಕೆರೆ ಸಂರಕ್ಷಣೆಯ ಕಾಯ್ದೆಯ ತಿದ್ದುಪಡಿ ಮಸೂದೆ ಇನ್ನೂ ಕೆಳಗಿಳಿಯಿತು: ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಬಫರ್, 100 ಎಕರೆ ಮೀರಿದವಕ್ಕೆ 30 ಮೀಟರ್, ಒಂದು ಎಕರೆಯೊಳಗಿನ ಕೆರೆಗೆ ಕೇವಲ 3 ಮೀಟರ್. ದೊಡ್ಡ ಕೆರೆಗೆ ನೀರು ತರುವುದೇ ಮೇಲಿನ ಸಣ್ಣ ಕಟ್ಟೆ, ಕುಂಟೆಗಳು. ಅವುಗಳ ಸುತ್ತಲಿನ ಜಾಗವನ್ನು ಹೀಗೆ ಹಿಂಡಿದ ಮೇಲೆ ಕೆಳಗಿನ ಕೆರೆಗೆ 30 ಮೀಟರ್ ಕೊಟ್ಟೂ ಹೆಚ್ಚಿನ ಪ್ರಯೋಜನವಿಲ್ಲ.

ಕಾಲುವೆಯ ಒಳಗೂ ಬದಲಾವಣೆಯಾಗಿದೆ. 2021ರಲ್ಲಿ ಮಂಡನೆಯಾದ ಮಹಾಲೇಖಪಾಲರ (ಸಿಎಜಿ) ವರದಿ, ಕೋರಮಂಗಲ ಮತ್ತು ವೃಷಭಾವತಿ ಕಣಿವೆಗಳಲ್ಲಿ ಕಾಲುವೆಗಳ ಒಟ್ಟು ಉದ್ದ ಒಂದು ಶತಮಾನದಲ್ಲಿ ಸುಮಾರು ಅರ್ಧಕ್ಕೆ ಇಳಿದಿರುವುದನ್ನು ದಾಖಲಿಸಿತು. ಉಳಿದವಕ್ಕೆ ಇಕ್ಕೆಲದಲ್ಲಿ ತಡೆಗೋಡೆ, ಹಲವೆಡೆ ತಳಕ್ಕೂ ಕಾಂಕ್ರೀಟ್. ಮಣ್ಣಿನ ಕಾಲುವೆಯಲ್ಲಿ ನೀರು ಹುಲ್ಲು, ಪೊದೆಗಳ ನಡುವೆ ತಡವರಿಸಿ, ಅಷ್ಟಿಷ್ಟು ಇಂಗಿ ಮುಂದೆ ಹೋಗುತ್ತಿತ್ತು. ಕಾಂಕ್ರೀಟಿನಲ್ಲಿ ಅದು ರಭಸದಿಂದ ಹೋಗಿ, ಕೆಳಗೆ ಎಲ್ಲಿ ಕಿರಿದಾದ ಸೇತುವೆ ಇದೆಯೋ ಅಲ್ಲಿ ರಸ್ತೆಗೆ ಉಕ್ಕುತ್ತದೆ. ಮೇಲಿನ ಬಡಾವಣೆಯ ಕೊಳವೆಬಾವಿ ಬತ್ತುವುದಕ್ಕೂ ಕೆಳಗಿನ ಬಡಾವಣೆಯ ನೆಲಮಾಳಿಗೆ ಮುಳುಗುವುದಕ್ಕೂ ಇದೇ ಕಾರಣ.

ಮುನ್ಸೂಚನೆಯಲ್ಲಿ ನಗರ ಮುಂದೆ ಹೋಗಿದೆ ಎಂಬುದನ್ನು ಹೇಳಲೇಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಜಾಲ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವಾಹ ಮಾದರಿ ಸೇರಿ 2020ರಲ್ಲಿ ‘ಮೇಘ ಸಂದೇಶ’ ಆ್ಯಪ್ ಬಂತು. 2023ರ ನವೆಂಬರ್‌ನಲ್ಲಿ ಬಿಬಿಎಂಪಿ ಹವಾಮಾನ ಕ್ರಿಯಾ ಯೋಜನೆ ಹೊರತಂದು 2050ರೊಳಗೆ ಇಂಗಾಲ ತಟಸ್ಥವಾಗುವ ಗುರಿ ಇಟ್ಟುಕೊಂಡಿತು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದಿಂದ ದಿನಕ್ಕೆ 775 ದಶಲಕ್ಷ ಲೀಟರ್ ನೀರು 110 ಹಳ್ಳಿಗಳಿಗೆಂದು ಬಂತು. ನೂರು ಕಿ.ಮೀ. ದೂರದಿಂದ ವಿದ್ಯುತ್ ಸುರಿದು ಮೇಲೆತ್ತಿದ ನೀರು ಅದು. ಇತ್ತ 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ. ಎರಡನೇ ಹಂತಕ್ಕೇ ನಿಲ್ಲುವ ಸಂಸ್ಕರಣೆ ಸಾಕೇ ಎಂಬ ಕೋಲಾರದವರ ಪ್ರಶ್ನೆ ನ್ಯಾಯವಾದದ್ದು. ಆದರೆ ಕೆರೆ ತುಂಬಿದಲ್ಲಿ ಅಂತರ್ಜಲ ಮೇಲೆ ಬಂದಿರುವುದನ್ನು ಅಲ್ಲಿನ ರೈತರೇ ಹೇಳುತ್ತಾರೆ.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ. 2031ರ ಮಹಾಯೋಜನೆಯ ಕರಡು 2017ರಲ್ಲಿ ಪ್ರಕಟವಾಗಿ ಮುಂದೆ ಕೈಬಿಟ್ಟುಹೋಯಿತು. 2015ಕ್ಕೇ ಅವಧಿ ಮುಗಿದ ಯೋಜನೆಯ ನಿಯಮಗಳೇ ಆಧಾರವಾಗಿ ಮುಂದುವರಿದವು. ಮೆಜೆಸ್ಟಿಕ್ ಬಳಿ ಹುಟ್ಟಿ ಬೆಳ್ಳಂದೂರು ಸೇರುವ ಕಾಲುವೆ ಈಗ ಒಂದಕ್ಕಿಂತ ಹೆಚ್ಚು ಪಾಲಿಕೆಗಳ ಗಡಿ ದಾಟುತ್ತದೆ. ಮುಂದಿನ ಮಹಾಯೋಜನೆ ವಾರ್ಡಿನ ಗಡಿಯನ್ನು ಹಿಡಿಯುತ್ತದೆಯೋ ಕಣಿವೆಯ ಗಡಿಯನ್ನೋ, ಅಳತೆಗೆ ಇಂದಿನ ಮೋರಿಯ ಗೋಡೆಯನ್ನು ಹಿಡಿಯುತ್ತದೆಯೋ ಗ್ರಾಮ ನಕ್ಷೆಯ ಗೆರೆಯನ್ನೋ ಎಂಬುದು ಕರಡು ಪ್ರಕಟವಾದ ದಿನ ಮೊದಲು ಹುಡುಕಿ ನೋಡಬೇಕಾದ ಪುಟ. ಆಕ್ಷೇಪಣೆ ಸಲ್ಲಿಸಲು ಸಾರ್ವಜನಿಕರಿಗೆ ಅವಕಾಶ ಇರುವುದು ಆ ಹಂತದಲ್ಲಿ.